ಐಸ್ ಹಾಕಿಯಲ್ಲಿ ಮಗ ಕೈ ಎತ್ತಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ನಾವು ಕೊಡಗಿನವರು. ಕೆನಡಾದ ಮಿಸ್ಸಿಸಾಗಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಮಗನಿಗೆ ಈಗ 15. ಐದನೇ ವಯಸ್ಸಿನಿಂದ ಐಸ್ ಹಾಕಿ ಆಡುತ್ತಿದ್ದಾನೆ, ಈಗ 16ರ ಒಳಗಿನವರ ಟ್ರಿಪಲ್ ಎ (ಆ ವಯಸ್ಸಿನವರ ಅತಿ ಮೇಲಿನ ಮಟ್ಟ) ತಂಡದಲ್ಲಿ ಡಿಫೆನ್ಸ್ ಆಡುತ್ತಾನೆ. ಎತ್ತರ ಆರಡಿ ಎರಡಿಂಚು. ಸದ್ಯದಲ್ಲೇ ಒಂಟಾರಿಯೊ ಹಾಕಿ ಲೀಗು ಅನ್ನುವ ಜೂನಿಯರ್ ಲೀಗಿನ ಡ್ರಾಫ್ಟ್, ಅಂದರೆ ತಂಡಗಳು ಹುಡುಗರನ್ನು ಆರಿಸಿಕೊಳ್ಳುವುದು, ಇದೆ. ಕಳೆದ ತಿಂಗಳು ಕೋಚ್ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಇಷ್ಟೆತ್ತರದ ಹುಡುಗ ಗ್ಲೌಸ್ ಬಿಸಾಕಿ ಹೊಡೆದಾಡಲು ಹಿಂಜರಿದರೆ ಮೇಲಿನ ಲೀಗಿನವರು ತಿರುಗಿಯೂ ನೋಡುವುದಿಲ್ಲ, ಈ ಬೇಸಿಗೆಯಲ್ಲಿ ಬಾಕ್ಸಿಂಗ್‌ಗೆ ಸೇರಿಸಿ" ಅಂದರು. ಯಜಮಾನರು ಆಗಲೇ ಒಪ್ಪಿಬಿಟ್ಟಿದ್ದಾರೆ. "ಅದು ಅರ್ಧ ನಾಟಕ ಕಣೇ, ಐಸ್ ಮೇಲೆ ಜಾರುತ್ತಾ ಹೊಡೆದರೆ ಏಟು ಬೀಳೋದೇ ಇಲ್ಲ" ಅನ್ನುತ್ತಾರೆ. ನಾನು ರಾತ್ರಿಯೆಲ್ಲಾ ಓದುತ್ತಾ ಕೂತು, ಹೊಡೆದಾಡಿದವರಿಗೆಲ್ಲ ಮಿದುಳಿನ ಕಾಯಿಲೆ ಬಂದು ನಲವತ್ತಕ್ಕೇ ಹೋಗಿಬಿಡುತ್ತಾರೆ ಅಂತ ಹೆದರಿದ್ದೇನೆ. ನಾಪೋಕ್ಲಿನಲ್ಲಿರುವ ನಮ್ಮ ಮಾವನವರು ಪ್ರಾಯದಲ್ಲಿ ಹಾಕಿ ಆಡಿದವರು. ಫೋನಿನಲ್ಲಿ ವಿಷಯ ಹೇಳಿದ್ದಕ್ಕೆ, "ಗುದ್ದಿದವನನ್ನ ಹೊರಗೆ ಹಾಕೋದು ಬಿಟ್ಟು ಐದು ನಿಮಿಷ ಕೂರಿಸ್ತಾರಾ? ಅದೆಂಥ ಹಾಕಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗನಿಗೆ ಇದೆಲ್ಲ ನಿಜವಾಗಿ ಬೇಕಾ? ನಾವು ಏನು ಮಾಡಬೇಕು?
— ಹೆಸರು ಬೇಡವೆಂದಿರುವ ತಾಯಿ

ಉತ್ತರ:

ನಿಮ್ಮ ಮಾವನವರಿಂದಲೇ ಶುರು ಮಾಡುತ್ತೇನೆ. ಪತ್ರದಲ್ಲಿರುವ ಪ್ರಶ್ನೆಗಳಲ್ಲೆಲ್ಲ ಅವರದ್ದೇ ಸರಿಯಾದ ಜಾಗಕ್ಕೆ ಕೈ ಹಾಕಿದೆ. ನಮ್ಮೂರ ಹಾಕಿಯಲ್ಲಿ ಎದುರಾಳಿಯ ಮುಖಕ್ಕೆ ಗುದ್ದಿದರೆ ಕೆಂಪು ಕಾರ್ಡ್, ಅವತ್ತಿನ ಆಟ ಅಲ್ಲಿಗೆ ಮುಗಿಯಿತು. ಫುಟ್‌ಬಾಲ್‌ನಲ್ಲಿ ಹಾಗೇ, ಬಾಸ್ಕೆಟ್‌ಬಾಲ್‌ನಲ್ಲಿ ಹಾಗೇ, ಒಲಿಂಪಿಕ್ಸ್‌ನಲ್ಲಿ ಆಡುವ ಐಸ್ ಹಾಕಿಯಲ್ಲೂ ಹಾಗೇ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಮಾತ್ರ ಬೇರೆ ದಾರಿ ಹಿಡಿಯಿತು. 1922ರಲ್ಲಿ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಮುಷ್ಟಿಕಾಳಗಕ್ಕೆಂದೇ ಒಂದು ನಿಯಮ ಬರೆಯಿತು: ಹೊರಗೆ ಹಾಕಬೇಕಿಲ್ಲ, ಐದು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಿಸಿದರೆ ಸಾಕು. ನೂರು ವರ್ಷ ಕಳೆದರೂ ಆ ಐದು ನಿಮಿಷ ಅಲ್ಲಾಡಿಲ್ಲ. ಹೊಡೆದಾಡಿದ ಇಬ್ಬರೂ ಒಟ್ಟಿಗೇ ಬಾಕ್ಸಿಗೆ ಹೋಗುವುದರಿಂದ ಯಾವ ತಂಡಕ್ಕೂ ಐಸ್ ಮೇಲೆ ಆಳು ಕಮ್ಮಿಯಾಗುವುದಿಲ್ಲ. ದಂಡ ಅಂತ ಹೆಸರು, ಲೆಕ್ಕ ಮಾತ್ರ ಟಿಕೆಟ್ ದರದ್ದು: ಕೊಟ್ಟರೆ ಒಳಗೆ ಬಿಡುತ್ತಾರೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಎಂಬಿಬಿಎಸ್ ಓದುವಾಗ ನಾನು ಕಂಡಿದ್ದ ಐಸ್ ಅಂದರೆ ಮರದ ಹೊಟ್ಟು ಮೆತ್ತಿಕೊಂಡು ಗೋಣಿಚೀಲದಲ್ಲಿ ಬರುತ್ತಿದ್ದ ಗಡ್ಡೆ ಅಷ್ಟೇ. ಒಂಟಾರಿಯೊಗೆ ಬಂದು ಕ್ರೀಡಾ ವೈದ್ಯನಾದ ಮೇಲೆ ಹಲವು ಸೀಸನ್ ಜೂನಿಯರ್ ತಂಡಗಳ ರಿಂಕ್ ಪಕ್ಕದಲ್ಲಿ ಬ್ಯಾಗ್ ಹಿಡಿದು ನಿಂತಿದ್ದೇನೆ. ಮೊದಲ ವರ್ಷ ನನಗೂ ನಿಮ್ಮ ಮಾವನವರ ಹಾಗೇ ಬೆರಗು. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಗಿದ್ದು ಒಳ್ಳೆಯದಾಗಲಿಲ್ಲ ಅಂತ ಗೊತ್ತಾಗಲು ಇನ್ನೂ ಕೆಲವು ವರ್ಷ ಹಿಡಿಯಿತು.

ಹೊರಗಿನಿಂದ ನೋಡುವವರಿಗೆ ಅದು ಸಿಟ್ಟು ನೆತ್ತಿಗೇರಿ ಆಗುವ ಜಗಳ. ಎಷ್ಟೋ ಸಲ ಹಾಗಿರುವುದಿಲ್ಲ. ಫೇಸ್‌ಆಫ್‌ಗೆ, ಅಂದರೆ ಪಕ್ (ಆಟದ ರಬ್ಬರ್ ಬಿಲ್ಲೆ) ಬಿಟ್ಟು ಆಟ ಶುರುಮಾಡುವುದಕ್ಕೆ, ನಿಂತಿರುವಾಗ ಒಬ್ಬ ಮೆಲ್ಲಗೆ "ಬರ್ತೀಯಾ?" ಅಂತ ಕೇಳುತ್ತಾನೆ. ಇನ್ನೊಬ್ಬ ತಲೆ ಆಡಿಸುತ್ತಾನೆ. ಪಕ್ ಬಿದ್ದ ಕೂಡಲೇ ಸ್ಟಿಕ್ಕು ನೆಲಕ್ಕೆ, ಗ್ಲೌಸು ನೆಲಕ್ಕೆ. ಎಡಗೈಯಲ್ಲಿ ಎದುರಾಳಿಯ ಜರ್ಸಿಯನ್ನು ಭುಜದ ಹತ್ತಿರ ಮುದುಡಿ ಹಿಡಿಯುವುದು, ಬಲಗೈ ಬೀಸುವುದು. ಜರ್ಸಿಯನ್ನು ತಲೆಯ ಮೇಲೆ ಎಳೆದು ಕುರುಡು ಮಾಡದಿರಲಿ ಅಂತ ಒಳಗಡೆ ಚಡ್ಡಿಗೆ ಕಟ್ಟುವ ಪಟ್ಟಿ ಬೇರೆ ಇರುತ್ತದೆ, ಅದನ್ನು ಕಟ್ಟದೆ ಹೊಡೆದಾಡಿದರೆ ಎನ್‌ಎಚ್‌ಎಲ್‌ನಲ್ಲಿ ಅದಕ್ಕೇ ಪ್ರತ್ಯೇಕ ಶಿಕ್ಷೆ. ಇಬ್ಬರು ಲೈನ್ಸ್‌ಮನ್‌ಗಳು ಪಕ್ಕದಲ್ಲೇ ಸುತ್ತುತ್ತಾ ಕಾಯುತ್ತಾರೆ, ಇಬ್ಬರಲ್ಲಿ ಒಬ್ಬ ಬಿದ್ದಾಗಲೋ ಕೈ ಸೋತಾಗಲೋ ನಡುವೆ ನುಗ್ಗುತ್ತಾರೆ. ನಮ್ಮ ಕರಾವಳಿಯ ಕೋಳಿ ಅಂಕ ನೋಡಿದವರಿಗೆ ಈ ಕಾಯುವಿಕೆ ಗುರುತು ಹತ್ತುತ್ತದೆ.

ಒಳಗೆ ಇಷ್ಟೆಲ್ಲ ಶಿಸ್ತು ಇರುವುದು ಅದು ಬಹಳ ಕಾಲ ಒಂದು ಉದ್ಯೋಗವಾಗಿತ್ತು ಅನ್ನುವ ಕಾರಣಕ್ಕೆ. ಆ ಉದ್ಯೋಗಕ್ಕೆ ಎನ್‌ಫೋರ್ಸರ್ ಅಂತ ಹೆಸರು. ಫಿಲಡೆಲ್ಫಿಯಾ ಫ್ಲೈಯರ್ಸ್ 1974 ಮತ್ತು 1975ರಲ್ಲಿ ಸಾಲಾಗಿ ಎರಡು ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್‌ನ ಚಾಂಪಿಯನ್ ಟ್ರೋಫಿ) ಗೆದ್ದಿದ್ದು ಎದುರಾಳಿಗಳನ್ನು ಹೆದರಿಸಿಯೇ ಅಂತ ಹೇಳುವವರು ಇವತ್ತಿಗೂ ಇದ್ದಾರೆ. ಆ ತಂಡದ ಡೇವ್ ಶುಲ್ಟ್ಸ್ 1974–75ರ ಒಂದೇ ಸೀಸನ್ನಿನಲ್ಲಿ 472 ಪೆನಾಲ್ಟಿ ನಿಮಿಷ ಕೂಡಿಸಿದ, ಆ ದಾಖಲೆ ಈಗಲೂ ಹಾಗೇ ಇದೆ. ಎಡ್ಮಂಟನ್‌ನಲ್ಲಿ ವೇಯ್ನ್ ಗ್ರೆಟ್ಸ್ಕಿಯಂಥ ಸಣಕಲು ಪ್ರತಿಭೆಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಲು ಡೇವ್ ಸೆಮೆಂಕೊ, ಮಾರ್ಟಿ ಮೆಕ್‌ಸೋರ್ಲಿ ಇದ್ದರು. 1988ರಲ್ಲಿ ಗ್ರೆಟ್ಸ್ಕಿಯನ್ನು ಲಾಸ್ ಏಂಜಲೀಸಿಗೆ ಮಾರಿದಾಗ ಮೆಕ್‌ಸೋರ್ಲಿಯೂ ಜೊತೆಗೇ ಹೋದ. ಮದುಮಗಳ ಜೊತೆ ಕಳಿಸುವ ಸೋದರಮಾವನ ಹಾಗೆ.

ಹೊಡೆದಾಟವನ್ನು ಸಮರ್ಥಿಸುವವರ ವಾದ ಇಲ್ಲಿಂದಲೇ ಹುಟ್ಟುತ್ತದೆ: "ಅದೇ ಆಟಗಾರರ ಪೊಲೀಸು. ಅದಿಲ್ಲದಿದ್ದರೆ ಕೋಲಿನಲ್ಲಿ ತಿವಿಯುವುದು, ಹಿಂದಿನಿಂದ ಗುದ್ದುವುದು ಹೆಚ್ಚಾಗುತ್ತದೆ." ನಿಮ್ಮ ಕೋಚ್ ಕೂಡ ಇದನ್ನೇ ಹೇಳಿರುತ್ತಾರೆ. ಈ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಪಕ್ಕದಲ್ಲಿ ದೈತ್ಯ ಕೂತಿದ್ದಾನೆ ಅನ್ನುವ ಧೈರ್ಯದಲ್ಲಿ ಚೆನ್ನಾಗಿ ಆಡಿದ ಹುಡುಗರನ್ನು ನೋಡಿದ್ದೇನೆ, ಆಟಗಾರರಲ್ಲಿ ಬಹುಪಾಲು ಜನ ಹೊಡೆದಾಟವನ್ನು ತೆಗೆಯಬೇಡಿ ಅನ್ನುವವರೇ. ಆದರೆ ಈ ಪೊಲೀಸಿಗೆ ಅತ್ಯಂತ ಅಗತ್ಯ ಬಿದ್ದ ಹೊತ್ತಿನಲ್ಲಿ ಏನಾಯಿತು ಅನ್ನುವುದಕ್ಕೆ ಒಂದು ಪ್ರಕರಣ ಸಾಕು.

2004ರ ಫೆಬ್ರವರಿಯಲ್ಲಿ ಕೊಲರಾಡೊದ ಸ್ಟೀವ್ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಡಿಕ್ಕಿ ಹೊಡೆದು ಗಾಯ ಮಾಡಿದ. ರೆಫ್ರಿ ಪೆನಾಲ್ಟಿ ಕೊಡಲಿಲ್ಲ. ಮಾರ್ಚ್ 8ರಂದು ಎರಡೂ ತಂಡ ಮತ್ತೆ ಎದುರಾದವು. ಮೊದಲ ಅವಧಿಯಲ್ಲೇ ವ್ಯಾಂಕೂವರಿನ ಮ್ಯಾಟ್ ಕುಕ್ ಮೂರ್‌ನನ್ನು ಜಗಳಕ್ಕೆ ಕರೆದ, ಮೂರ್ ಒಪ್ಪಿ ಹೊಡೆದಾಡಿದ. ಬರೆಯದ ಕಾನೂನಿನ ಪ್ರಕಾರ ಸಾಲ ತೀರಿತು. ಮೂರನೇ ಅವಧಿಯಲ್ಲಿ ಟಾಡ್ ಬರ್ಟುಝಿ ಹಿಂದಿನಿಂದ ಬಂದು ಮೂರ್‌ನ ತಲೆಗೆ ಗುದ್ದಿ, ಅವನ ಮೇಲೇ ಬಿದ್ದ. ಮೂರ್‌ನ ಕತ್ತಿನ ಮೂಳೆಗಳು ಮುರಿದವು. ಅವನು ಮತ್ತೆಂದೂ ಎನ್‌ಎಚ್‌ಎಲ್ ಆಡಲಿಲ್ಲ. ಬರ್ಟುಝಿ ನ್ಯಾಯಾಲಯದಲ್ಲಿ ಹಲ್ಲೆಯ ತಪ್ಪೊಪ್ಪಿಕೊಂಡ. ಮೂರ್ ಹೂಡಿದ ಪರಿಹಾರದ ದಾವೆ ಇತ್ಯರ್ಥವಾಗಲು 2014 ಬಂತು. ಪೊಲೀಸು ಕೆಲಸ ಮಾಡಿತ್ತು, ಠಾಣೆಯ ಪುಸ್ತಕದಲ್ಲಿ ಕೇಸು ಮುಚ್ಚಿತ್ತು, ಆಮೇಲೂ ಹುಡುಗನ ಕತ್ತು ಮುರಿಯಿತು.

ಇನ್ನೊಂದು ವಿಷಯ ನಿಮ್ಮ ಮನೆಯಲ್ಲೇ ಟಿವಿಯಲ್ಲಿ ನಡೆದಿರುತ್ತದೆ. 2025ರ ಫೆಬ್ರವರಿ 15ರಂದು ಮಾಂಟ್ರಿಯಲ್‌ನಲ್ಲಿ ಕೆನಡಾ–ಅಮೆರಿಕ ಪಂದ್ಯ ಶುರುವಾಗಿ 9 ಸೆಕೆಂಡಿನಲ್ಲಿ ಮೂರು ಹೊಡೆದಾಟ. ಶಾಲೆಯ ಹುಡುಗರೆಲ್ಲ ವಾರಗಟ್ಟಲೆ ಅದನ್ನೇ ಮಾತಾಡಿದರು, ನನ್ನ ಕ್ಲಿನಿಕ್ಕಿಗೆ ಬಂದವರೂ ಫೋನಿನಲ್ಲಿ ತೋರಿಸಿದರು. ಐದು ದಿನದ ನಂತರ ಬಾಸ್ಟನ್‌ನಲ್ಲಿ ಅದೇ ಎರಡು ತಂಡಗಳ ಫೈನಲ್. ಕೆನಡಾ ಓವರ್‌ಟೈಮಿನಲ್ಲಿ 3–2ರಿಂದ ಗೆದ್ದಿತು. ಆ ಪಂದ್ಯದಲ್ಲಿ ಒಬ್ಬನೂ ಗ್ಲೌಸ್ ಬಿಸಾಕಲಿಲ್ಲ. ಪ್ಲೇಆಫ್‌ಗಳಲ್ಲೂ ಇದೇ ಕಥೆ: ಗೆಲುವು ದುಬಾರಿಯಾದಷ್ಟೂ ಜಗಳ ಕಮ್ಮಿ. ಐದು ನಿಮಿಷ ಒಳ್ಳೆಯ ಆಟಗಾರನನ್ನು ಕಳೆದುಕೊಳ್ಳಲು ಆಗ ಯಾರಿಗೂ ಮನಸ್ಸಿರುವುದಿಲ್ಲ.

ಈಗ ಕೋಚ್ ಹೇಳಿದ "ಮೇಲಿನವರು ನೋಡುವುದಿಲ್ಲ" ಅನ್ನುವ ಮಾತು. ಇಪ್ಪತ್ತು ವರ್ಷದ ಹಿಂದೆ ಇದು ಸರಿಯಾದ ಸಲಹೆ. 1980ರ ದಶಕದ ಕೊನೆಯಲ್ಲಿ ಎನ್‌ಎಚ್‌ಎಲ್‌ನಲ್ಲಿ ಸರಾಸರಿ ಪಂದ್ಯಕ್ಕೊಂದು ಹೊಡೆದಾಟ ನಡೆಯುತ್ತಿತ್ತು. 2008–09ರ ಸೀಸನ್ನಿನಲ್ಲೂ 1,230 ಪಂದ್ಯಗಳಲ್ಲಿ 700ಕ್ಕೂ ಹೆಚ್ಚು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಮೂರನೇ ಒಂದು ಭಾಗಕ್ಕೆ ಇಳಿಯಿತು. ಯಾರೋ ಕರುಣೆ ತೋರಿಸಿ ಹೀಗಾಗಲಿಲ್ಲ. 2005ರಲ್ಲಿ ತಂಡಗಳ ಸಂಬಳಕ್ಕೆ ಮಿತಿ ಬಂತು, ಉದ್ದ ಪಾಸ್‌ಗೆ ಇದ್ದ ತಡೆ ಹೋಯಿತು, ಆಟ ವೇಗವಾಯಿತು. ರಾತ್ರಿಗೆ ನಾಲ್ಕು ನಿಮಿಷ ಆಡಿ ಗುದ್ದಾಡುವವನಿಗೆ ಸಂಬಳ ಕೊಟ್ಟು ಬೆಂಚಿನಲ್ಲಿ ಕೂರಿಸುವುದು ಮಾಲೀಕರಿಗೆ ಗಿಟ್ಟಲಿಲ್ಲ. ಅದಕ್ಕೂ ಮುಂಚೆಯೇ ನಿಯಮಗಳು ಬಿಗಿಯಾಗುತ್ತಾ ಬಂದಿದ್ದವು: ಬೆಂಚಿನಿಂದ ಎದ್ದು ಬಂದು ಜಗಳ ಶುರುಮಾಡಿದರೆ ಹತ್ತು ಪಂದ್ಯ ಅಮಾನತು, ಜಗಳಕ್ಕೆ ಎಳೆದವನಿಗೆ ಪ್ರತ್ಯೇಕ ಪೆನಾಲ್ಟಿ. 2013ರಿಂದ ಹೊಡೆದಾಡುವ ಮುನ್ನ ತಾನಾಗಿ ಹೆಲ್ಮೆಟ್ ತೆಗೆದರೂ ಎರಡು ನಿಮಿಷ. ಈಗ ಆರಡಿ ಎರಡಿಂಚಿನ ಡಿಫೆನ್ಸ್ ಹುಡುಗನಲ್ಲಿ ಸ್ಕೌಟ್‌ಗಳು ಮೊದಲು ನೋಡುವುದು ಸ್ಕೇಟಿಂಗ್, ಹಿಂದೆ ತಿರುಗಿ ಪಕ್ ಎತ್ತಿ ಮೊದಲ ಪಾಸ್ ಕೊಡುವ ರೀತಿ. ಹೊಡೆದಾಟ ಪೂರ್ತಿ ಸತ್ತಿದೆ ಅಂತ ಹೇಳುತ್ತಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ಮತ್ತು ನ್ಯೂಜೆರ್ಸಿ ಪಂದ್ಯದಲ್ಲಿ ಪಕ್ ಬಿದ್ದ ಕ್ಷಣಕ್ಕೇ ಹತ್ತೂ ಜನ ಕೈಕೈ ಮಿಲಾಯಿಸಿ ಎಂಟು ಜನ ಹೊರಗೆ ಹೋದರು, ಜನ ಎದ್ದು ನಿಂತು ಕೂಗಿದರು. ಜನಕ್ಕೆ ಅದು ಬೇಕು. ಬೇಕಾಗಿರುವುದರಿಂದಲೇ ಆ ಐದು ನಿಮಿಷ ಆರಾಗುತ್ತಿಲ್ಲ.

ನಿಮ್ಮ ಯಜಮಾನರ ಮಾತಿಗೆ ಬರೋಣ, ಅದರಲ್ಲಿ ಅರ್ಧ ನಿಜವಿದೆ. ಗಟ್ಟಿ ನೆಲದಲ್ಲಿ ಕಾಲೂರಿ ಹೊಡೆಯುವ ಗುದ್ದಿಗೆ ಸೊಂಟದಿಂದ ಬರುವ ಬಲ ಸ್ಕೇಟಿನ ಮೇಲೆ ಸಿಗುವುದಿಲ್ಲ. ಬಹಳಷ್ಟು ಗುದ್ದು ಹೆಲ್ಮೆಟ್ಟಿಗೋ ಭುಜಕ್ಕೋ ತಗಲಿ ಹೋಗುತ್ತವೆ. ಹೀಗಾಗಿ ನಾನು ಹೆಚ್ಚು ಹೊಲಿದಿದ್ದು ಮುಖಗಳಿಗಿಂತ ಕೈಗಳನ್ನು. ಕಿರುಬೆರಳಿನ ಬುಡದ ಮೂಳೆ ಮುರಿಯುತ್ತದೆ, ಗೆಣ್ಣು ಎದುರಾಳಿಯ ಹಲ್ಲಿಗೆ ತಾಗಿ ಸೀಳುತ್ತದೆ. ಅಂಥ ಸಣ್ಣ ಸೀಳನ್ನು "ಏನೂ ಇಲ್ಲ" ಅಂತ ಪ್ಲಾಸ್ಟರ್ ಹಚ್ಚಿಕೊಂಡು ಹೋದವನು ಮೂರನೇ ದಿನ ಊದಿದ ಕೈ ಹಿಡಿದು ಬರುತ್ತಾನೆ, ಬಾಯಿಯ ಕ್ರಿಮಿ ಕೀಲಿನೊಳಗೆ ಇಳಿದಿರುತ್ತದೆ.

ಆದರೆ ಯಜಮಾನರು ಗುದ್ದನ್ನು ನೋಡುತ್ತಿದ್ದಾರೆ, ಬೀಳುವುದನ್ನು ನೋಡುತ್ತಿಲ್ಲ. ಡಾನ್ ಸ್ಯಾಂಡರ್ಸನ್ ಅಂತ ಒಬ್ಬ ಹುಡುಗ ಒಂಟಾರಿಯೊದ ವಿಟ್ಬಿ ಡನ್ಲಪ್ಸ್ ತಂಡಕ್ಕೆ ಆಡುತ್ತಿದ್ದ. ದೊಡ್ಡ ಲೀಗೂ ಅಲ್ಲ, ಹವ್ಯಾಸಿಗಳ ಸೀನಿಯರ್ ಲೀಗು. 2008ರ ಡಿಸೆಂಬರ್ 12ರಂದು ಒಂದು ಸಾಮಾನ್ಯ ಹೊಡೆದಾಟದಲ್ಲಿ ಹೆಲ್ಮೆಟ್ ಕಳಚಿತು, ಇಬ್ಬರೂ ಬಿದ್ದರು, ಅವನ ತಲೆ ಐಸಿಗೆ ಬಡಿಯಿತು. ಜನವರಿ 2ರಂದು ತೀರಿಕೊಂಡ. 21 ವರ್ಷ. ನಾನು ಹುಡುಗರಿಗೆ ಮೊದಲು ಹೇಳುವುದು ಇದನ್ನೇ: ಐಸ್ ಅಂದರೆ ಸಿಮೆಂಟಿನ ಮೇಲೆ ಬಳಿದ ತೆಳು ನೀರು ಅಷ್ಟೇ.

ತಲೆಯೊಳಗೆ ಏನಾಗುತ್ತದೆ ಅಂತಲೂ ತಿಳಿದಿರಲಿ. ಹೆಪ್ಪಾದ ಮೊಸರಿನ ಪಾತ್ರೆಯನ್ನು ಮೇಜಿನ ಮೇಲೆ ನೇರ ತಳ್ಳಿದರೆ ಮೊಸರು ಅಷ್ಟಾಗಿ ಒಡೆಯುವುದಿಲ್ಲ, ಗರ್ರನೆ ತಿರುಗಿಸಿ ತಟ್ಟನೆ ನಿಲ್ಲಿಸಿದರೆ ಒಡೆಯುತ್ತದೆ. ದವಡೆಗೆ ಬೀಳುವ ಕೊಕ್ಕೆ ಗುದ್ದು ತಲೆಯನ್ನು ತಿರುಗಿಸುತ್ತದೆ. ಮಿದುಳಿನ ನರತಂತುಗಳು ಎಳೆದಾಡಿಕೊಳ್ಳುತ್ತವೆ. ಇದಕ್ಕೇ ಕನ್ಕಷನ್ ಅನ್ನುವುದು. ಅದಕ್ಕೇ ಕನ್ಕಷನ್ ಆದವನ ಸ್ಕ್ಯಾನ್ ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ಹೆಲ್ಮೆಟ್ ತಲೆಬುರುಡೆ ಒಡೆಯದ ಹಾಗೆ ಕಾಯುತ್ತದೆ, ಒಳಗಿನ ಈ ತಿರುಚನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಒಂದು ರಾತ್ರಿ ಹದಿನೇಳರ ಹುಡುಗನೊಬ್ಬ ಜಗಳ ಮುಗಿಸಿ ಒಳಗೆ ಬಂದು ಬೆಂಚಿನ ಮೇಲೆ ಕೂತ. ಬಲಗೈ ಐಸ್ ಬಕೆಟ್ಟಿನಲ್ಲಿ. ಹುಬ್ಬಿನ ಮೇಲೆ ಸಣ್ಣ ಗೀರು, ಅಷ್ಟೇ. ನಗುತ್ತಾ "ಗೆದ್ದೆನಾ?" ಅಂತ ಕೇಳಿದ. ಹೌದು ಅಂದೆ. ಗೀರು ಒರೆಸುತ್ತಿದ್ದೆ, ಮತ್ತೆ ಅದೇ ನಗು, ಅದೇ ಧ್ವನಿ, "ಗೆದ್ದೆನಾ?" ಮೂರನೇ ಸಲ ಕೇಳುವಷ್ಟರಲ್ಲಿ ನಾನು ಅವನ ಸ್ಕೇಟಿನ ಲೇಸು ಬಿಚ್ಚುತ್ತಿದ್ದೆ. ಅವನನ್ನು ವಾಪಸು ಕಳಿಸಬಹುದಾ ಅಂತ ಬಾಗಿಲಲ್ಲಿ ನಿಂತಿದ್ದವರು ಕೇಳಿದರು. ಇಲ್ಲ ಅಂದಿದ್ದಕ್ಕೆ ಮುಖ ಸಿಂಡರಿಸಿದರು. ಅವನಿಗೆ ಮಾಮೂಲಿನಂತೆ ಪುಸ್ತಕ ಹಿಡಿದು ಓದಲು ಏಳು ವಾರ ಬೇಕಾಯಿತು.

ಇನ್ನು ನಿಮ್ಮ ಹೆದರಿಕೆ. ಸಿಟಿಇ ಅಂದರೆ ತಲೆಗೆ ಪದೇ ಪದೇ ಏಟು ಬಿದ್ದವರ ಮಿದುಳಿನಲ್ಲಿ ಟಾವ್ ಅನ್ನುವ ಪ್ರೋಟೀನು ಗಂಟುಗಟ್ಟಿ ವರ್ಷಗಟ್ಟಲೆ ಹಬ್ಬುವ ಕಾಯಿಲೆ. ಇವತ್ತಿಗೂ ಅದನ್ನು ಖಚಿತಪಡಿಸುವುದು ಸತ್ತ ಮೇಲೆ ಮಿದುಳನ್ನು ಕತ್ತರಿಸಿ ನೋಡಿ ಮಾತ್ರ. ನೀವು ಓದಿದ ಹೆಸರುಗಳು ನಿಜ. ಡೆರೆಕ್ ಬೂಗಾರ್ಡ್ 277 ಎನ್‌ಎಚ್‌ಎಲ್ ಪಂದ್ಯ ಆಡಿ ಹೊಡೆದ ಗೋಲು 3. ಅವನನ್ನು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದರು ಅಂತ ಆ ಲೆಕ್ಕವೇ ಹೇಳುತ್ತದೆ. ನೋವಿನ ಮಾತ್ರೆಗಳಿಗೆ ಅಂಟಿಕೊಂಡು, 2011ರ ಮೇ ತಿಂಗಳಲ್ಲಿ ಮಾತ್ರೆ ಮತ್ತು ಮದ್ಯ ಸೇರಿ 28ನೇ ವಯಸ್ಸಿಗೆ ತೀರಿಕೊಂಡ. ಬಾಸ್ಟನ್ ವಿಶ್ವವಿದ್ಯಾಲಯದವರು ಅವನ ಮಿದುಳಿನಲ್ಲಿ ಸಿಟಿಇ ಕಂಡರು. ಅದೇ ಬೇಸಿಗೆಯಲ್ಲಿ ರಿಕ್ ರಿಪಿಯನ್, ವೇಡ್ ಬೆಲಾಕ್ ಕೂಡ ಹೋದರು.

ಆದರೂ ಓದುವಾಗ ಎರಡು ಕಡೆ ಎಚ್ಚರ ಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದವರು 1967ರಿಂದೀಚೆಗೆ ಎನ್‌ಎಚ್‌ಎಲ್ ಆಡಿದ ಆರು ಸಾವಿರ ಆಟಗಾರರನ್ನು ಲೆಕ್ಕ ಹಾಕಿ 2023ರಲ್ಲಿ ಪ್ರಕಟಿಸಿದರು. ಐವತ್ತಕ್ಕೂ ಹೆಚ್ಚು ಸಲ ಹೊಡೆದಾಡಿದವರನ್ನು ಅವರದ್ದೇ ಕಾಲದ, ಅವರದ್ದೇ ಮೈಕಟ್ಟಿನ ಬೇರೆ ಆಟಗಾರರ ಪಕ್ಕ ಇಟ್ಟು ನೋಡಿದಾಗ, ಸತ್ತವರ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಆದರೆ ಸತ್ತ ಹೊಡೆದಾಟಗಾರರು ಸರಾಸರಿ ಹತ್ತು ವರ್ಷ ಮೊದಲೇ ಸತ್ತಿದ್ದರು. ಡ್ರಗ್ಸ್ ಅತಿಸೇವನೆ, ಆತ್ಮಹತ್ಯೆ, ವಾಹನ ಅಪಘಾತ, ಮಿದುಳಿನ ಕಾಯಿಲೆ ಇವೇ ಅವರ ಕಡೆ ಹೆಚ್ಚು ಕಂಡ ಕಾರಣಗಳು. ಎಲ್ಲರೂ ನಲವತ್ತಕ್ಕೆ ಹೋಗುತ್ತಾರೆ ಅನ್ನುವುದು ಇದರಿಂದ ಬರುವುದಿಲ್ಲ. ಇನ್ನೊಂದು ಕಡೆ, ಹೊಡೆದಾಡದಿದ್ದರೆ ಕ್ಷೇಮ ಅನ್ನುವುದೂ ಬರುವುದಿಲ್ಲ. ಬಫಲೋ ತಂಡದ ರಿಕ್ ಮಾರ್ಟಿನ್ ಗೋಲು ಹೊಡೆಯುವ ಆಟಗಾರ, ಗುದ್ದಾಡುವವನಲ್ಲ. ಅವನ ಮಿದುಳಿನಲ್ಲೂ ಸಿಟಿಇ ಇತ್ತು. 2024ರ ಕೊನೆಗೆ ಬಾಸ್ಟನ್‌ನವರು ದಾನವಾಗಿ ಬಂದ 77 ಹಾಕಿ ಆಟಗಾರರ ಮಿದುಳು ನೋಡಿ, ಆಡಿದ ಪ್ರತಿ ಒಂದು ವರ್ಷಕ್ಕೂ ಸಿಟಿಇ ಸಾಧ್ಯತೆ 34 ಪ್ರತಿಶತ ಏರುತ್ತದೆ ಅಂದರು. ಎನ್‌ಎಚ್‌ಎಲ್ ಆಡಿದ್ದ 19 ಜನರಲ್ಲಿ 18 ಜನರಿಗೆ ಇತ್ತು. ಮನೆಯವರಿಗೆ ಏನೋ ಸರಿಯಿರಲಿಲ್ಲ ಅನ್ನಿಸಿದ ಮೇಲೇ ಮಿದುಳು ದಾನ ಕೊಡುವುದು ಜಾಸ್ತಿ, ಹಾಗಾಗಿ ಈ ಲೆಕ್ಕವನ್ನು ಇಡೀ ಆಟಕ್ಕೆ ಹಚ್ಚಬೇಡಿ. ಹೆದರಿಕೆಯೇ ರೋಗವಾಗುವುದೂ ಉಂಟು. ಟಾಡ್ ಯೂವನ್ ಅನ್ನುವ ಮಾಜಿ ಎನ್‌ಫೋರ್ಸರ್ ತನಗೆ ಸಿಟಿಇ ಇದೆ ಅಂತಲೇ ಕೊರಗುತ್ತಾ 2015ರಲ್ಲಿ ಪ್ರಾಣ ಬಿಟ್ಟ. ಮೊದಲು ಪರೀಕ್ಷಿಸಿದವರು ಇಲ್ಲ ಅಂದರು, ಮೂರು ವರ್ಷದ ನಂತರ ಬಾಸ್ಟನ್‌ನವರು ಇದೆ ಅಂದರು. ಪರಿಣತರಿಗೇ ಎರಡು ಉತ್ತರ ಬಂದ ಕಾಯಿಲೆಯನ್ನು ನೀವು ರಾತ್ರಿ ಒಂದು ಗಂಟೆಗೆ ಫೋನಿನಲ್ಲಿ ತೀರ್ಮಾನಿಸಬೇಡಿ.

ವೈದ್ಯನಾಗಿ ನನಗೆ ಗುದ್ದಿಗಿಂತ ಹೆಚ್ಚು ಚಿಂತೆ ತರುವುದು ಆ ಕೆಲಸ. ಎನ್‌ಫೋರ್ಸರ್ ಅಂತ ಹೆಸರು ಬಿದ್ದ ಹುಡುಗನಿಗೆ ಪಂದ್ಯದ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಎದುರು ತಂಡದ ಪಟ್ಟಿಯಲ್ಲಿ ಯಾರಿದ್ದಾನೆ ಅಂತ ನೋಡುತ್ತಾನೆ. ಕೈನೋವು ಹೇಳಿಕೊಂಡರೆ ಜಾಗ ಹೋಗುತ್ತದೆ, ಹಾಗಾಗಿ ಹೇಳುವುದಿಲ್ಲ. ಐಸ್ ಮೇಲೆ ಸಿಗುವುದು ರಾತ್ರಿಗೆ ಐದಾರು ನಿಮಿಷ, ಅದರಲ್ಲಿ ಆಟ ಬೆಳೆಯುವುದಿಲ್ಲ. ಮುಂದಿನ ವರ್ಷವೂ ಅವನಿಗೆ ಗೊತ್ತಿರುವುದು ಗುದ್ದುವುದೊಂದೇ. ಒಮ್ಮೆ ಗೆದ್ದು ತೋರಿಸಿದವನನ್ನು ಬೇರೆ ಏನನ್ನೂ ತೋರಿಸಲು ಬಿಡದಿರುವುದನ್ನು ನಾನು ನಾಲ್ಕಾರು ಸಲ ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಮುಂದೇನು? ನಿಮ್ಮ ಮಗ ಈಗ ಆಡುತ್ತಿರುವ ಮಟ್ಟದಲ್ಲಿ ಹೊಡೆದಾಡಿದರೆ ಪಂದ್ಯದಿಂದ ಹೊರಗೆ, ಮೇಲೆ ಅಮಾನತು. ಅಂದರೆ ಕೋಚ್ ಹೇಳುತ್ತಿರುವುದು ಇನ್ನೂ ಬಾರದ ಲೀಗಿಗೆ ತಯಾರಿ. ಆ ಲೀಗಾದರೂ ಹೇಗಿದೆ? ಒಂಟಾರಿಯೊ ಲೀಗಿನಲ್ಲಿ ಹೊಡೆದಾಟಕ್ಕೆ ಐದು ನಿಮಿಷವೇ. ಆದರೆ 2012ರಲ್ಲಿ ಒಬ್ಬ ಆಟಗಾರನಿಗೆ ಸೀಸನ್ನಿಗೆ ಹತ್ತು ಅಂತ ಮಿತಿ ಹಾಕಿದರು, 2016ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು, ದಾಟಿದರೆ ಅಮಾನತು. ಕ್ವಿಬೆಕ್‌ನ ಜೂನಿಯರ್ ಲೀಗು 2023ರಿಂದ ಹೊಡೆದಾಡಿದವರನ್ನು ನೇರ ಹೊರಗೇ ಕಳಿಸುತ್ತಿದೆ. ಒಂಟಾರಿಯೊದ ಹುಡುಗನಿಗೆ ಸಾಮಾನ್ಯವಾಗಿ ಆ ಕಡೆ ದಾರಿಯಿಲ್ಲ, ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ. ಸೀಸನ್ನಿಗೆ ಮೂರೇ ಸಲ ಬಳಸಬಹುದಾದ ವಿದ್ಯೆಗೋಸ್ಕರ ಇಡೀ ಬೇಸಿಗೆ ಸುರಿಯಬೇಕಾ ಅಂತ ಯಜಮಾನರನ್ನು ಕೇಳಿ, ಅವರೂ ಲೆಕ್ಕ ಬಲ್ಲವರೇ ಇರುತ್ತಾರೆ.

ಅಮೆರಿಕದ ಕಾಲೇಜು ಹಾಕಿ ಇನ್ನೊಂದು ದಾರಿ. ಅಲ್ಲಿ ಹೊಡೆದಾಡಿದರೆ ಅವತ್ತಿನ ಪಂದ್ಯವೂ ಹೋಯಿತು, ಮುಂದಿನದ್ದೂ ಹೋಯಿತು, ಮುಖಕ್ಕೆ ಪೂರ್ತಿ ಕವಚ ಬೇರೆ. ಮೊದಲೆಲ್ಲ ಒಂಟಾರಿಯೊ ಲೀಗಿನಲ್ಲಿ ಆಡಿದರೆ ಕಾಲೇಜಿನ ಬಾಗಿಲು ಮುಚ್ಚುತ್ತಿತ್ತು, ಅದಕ್ಕೇ 15–16ಕ್ಕೇ ಮನೆಮಂದಿ ಒಂದನ್ನು ಆರಿಸಬೇಕಿತ್ತು. 2025ರ ಆಗಸ್ಟ್‌ನಿಂದ ಆ ನಿಯಮ ಹೋಗಿದೆ, ಜೂನಿಯರ್ ಲೀಗು ಆಡಿಯೂ ಕಾಲೇಜಿಗೆ ಹೋಗಬಹುದು. ನಿಮಗೆ ಇದು ದೊಡ್ಡ ಅನುಕೂಲ, ಜೊತೆಗೊಂದು ತೊಡಕೂ ಇದೆ: ಎಲ್ಲರೂ ಅದೇ ಸಾಲಿನಲ್ಲಿ ನಿಲ್ಲುವುದರಿಂದ ಕಾಲೇಜು ತಂಡದಲ್ಲಿ ಜಾಗ ಮೊದಲಿಗಿಂತ ಕಷ್ಟ. ಓದು ಬಿಗಿಯಾಗಿಟ್ಟುಕೊಳ್ಳಿ.

ಬಾಕ್ಸಿಂಗ್ ಬಗ್ಗೆ ನೇರವಾಗಿ ಹೇಳುತ್ತೇನೆ. ಸ್ಪಾರಿಂಗ್, ಅಂದರೆ ಎದುರುಬದುರು ನಿಂತು ಗುದ್ದಾಡುವ ಅಭ್ಯಾಸ, ಇರುವ ಬಾಕ್ಸಿಂಗ್ ಬೇಡ. ಬೆಳೆಯುವ ಮಿದುಳಿಗೆ ಬೇಸಿಗೆಯಿಡೀ ಏಟು ತಿನ್ನಿಸಿ, ಚಳಿಗಾಲದ ಏಟಿನಿಂದ ಕಾಯುವ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಆದರೆ ಯಾರೋ ಮೇಲೆ ಬಿದ್ದರೆ ತನ್ನನ್ನು ಕಾಪಾಡಿಕೊಳ್ಳುವುದನ್ನು ಕಲಿಸಬಹುದು: ಎದುರಾಳಿಯ ಎರಡೂ ತೋಳು ಒಳಗಿನಿಂದ ಹಿಡಿದು ಮೈಗೆ ಮೈ ಅಂಟಿಸುವುದು, ಗದ್ದ ಎದೆಗೆ ಒತ್ತುವುದು, ಲೈನ್ಸ್‌ಮನ್ ಬರುವವರೆಗೆ ಬಿಡದಿರುವುದು, ಬೀಳಲೇಬೇಕಾದರೆ ಮಂಡಿಯೂರಿ ಬೀಳುವುದು. ಎರಡು ಗಂಟೆಯ ಪಾಠ. ಇದರಲ್ಲೂ ಅಪಾಯ ಇಲ್ಲವೆಂದಲ್ಲ, ಗೊತ್ತಿರುವವನನ್ನು ಜಗಳಕ್ಕೆ ಕರೆಯುವವರು ಜಾಸ್ತಿ. ಹೆಲ್ಮೆಟ್ಟಿನ ಗದ್ದದ ಪಟ್ಟಿ ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು ಆಡುವುದು ಆ ವಯಸ್ಸಿನವರಿಗೆ ಒಂದು ಸ್ಟೈಲು. ಅದನ್ನು ನೀವೇ ಕೈಯಾರೆ ಬಿಗಿ ಮಾಡಿ. ಮೌತ್‌ಗಾರ್ಡ್ ಹಾಕಿಸಿ, ಐಸ್ ಹಾಕಿಯಲ್ಲಿ ಅದರಿಂದ ಕನ್ಕಷನ್ ಕಾಲು ಭಾಗಕ್ಕಿಂತ ಹೆಚ್ಚು ಕಮ್ಮಿಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ.

ನೆನಪಿಡಿ, ಅವನಿಗೆ ಕನ್ಕಷನ್ ಆದರೆ ಬಹುಶಃ ಹೊಡೆದಾಟದಿಂದ ಆಗುವುದಿಲ್ಲ, ಮೈಯಿಂದ ಡಿಕ್ಕಿ ಹೊಡೆಯುವ ಬಾಡಿ ಚೆಕ್‌ನಿಂದ ಆಗುತ್ತದೆ. ಒಂಟಾರಿಯೊದಲ್ಲಿ ರೋವನ್ ಕಾನೂನು ಅಂತ ಇದೆ. ರೋವನ್ ಸ್ಟ್ರಿಂಜರ್ ಅನ್ನುವ ಒಟ್ಟಾವಾದ 17ರ ಹುಡುಗಿ 2013ರಲ್ಲಿ ರಗ್ಬಿ ಆಡುವಾಗ ಒಂದು ಏಟು ಮಾಯುವ ಮುನ್ನ ಇನ್ನೊಂದು ಏಟು ತಿಂದು ತೀರಿಕೊಂಡಳು, ಅವಳ ಹೆಸರಿನದು. ಕನ್ಕಷನ್ ಅನುಮಾನ ಬಂದರೆ ತಕ್ಷಣ ಆಟದಿಂದ ತೆಗೆಯಬೇಕು, ವೈದ್ಯರೋ ನರ್ಸ್ ಪ್ರಾಕ್ಟಿಷನರೋ ಒಪ್ಪದೆ ಪೂರ್ತಿ ಆಟಕ್ಕೆ ವಾಪಸು ಕಳಿಸುವಂತಿಲ್ಲ. ಕೋಚ್ ಎಷ್ಟೇ ದೊಡ್ಡವರಿರಲಿ, ಈ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ತಲೆನೋವು, ಬೆಳಕು ಕಂಡರೆ ಕಿರಿಕಿರಿ, ಹೇಳಿದ್ದನ್ನೇ ಹೇಳುವುದು, ಕಾರಣವಿಲ್ಲದೆ ಸಿಡುಕು, ನಿದ್ದೆಯಲ್ಲಿ ಏರುಪೇರು ಕಂಡರೆ ಕರೆದುಕೊಂಡು ಬನ್ನಿ. ವಾಂತಿ ಮೇಲಿಂದ ಮೇಲೆ ಆದರೆ, ಎಬ್ಬಿಸಲು ಕಷ್ಟವಾದರೆ, ಕೈಕಾಲಿನ ಬಲ ಕುಂದಿದರೆ, ಫಿಟ್ಸ್ ಬಂದರೆ ಕ್ಲಿನಿಕ್ಕಿಗಲ್ಲ, ನೇರ 911.

ಕೋಚ್ ಹತ್ತಿರ ಮತ್ತೊಮ್ಮೆ ಮಾತಾಡಿ, ಜಗಳ ಬೇಡ. ಎರಡೇ ಪ್ರಶ್ನೆ ಕೇಳಿ: ಮುಂದಿನ ವರ್ಷ ಇವನು ಪಂದ್ಯಕ್ಕೆ ಎಷ್ಟು ನಿಮಿಷ ಐಸ್ ಮೇಲೆ ಇರಬೇಕು ಅಂತ ನಿಮ್ಮ ಅಂದಾಜು? ಅಷ್ಟು ನಿಮಿಷ ಸಿಗಲು ಸ್ಕೇಟಿಂಗಿನಲ್ಲಿ, ಪಾಸ್‌ನಲ್ಲಿ ಏನು ಸುಧಾರಿಸಬೇಕು? ಉತ್ತರದಲ್ಲಿ ಹದಿನೈದು, ಹದಿನೆಂಟು ನಿಮಿಷ ಅಂತ ಬಂದರೆ ಅವರು ಡಿಫೆನ್ಸ್ ಆಟಗಾರನನ್ನು ನೋಡುತ್ತಿದ್ದಾರೆ, ಬಾಕ್ಸಿಂಗ್ ಮಾತು ಹಳೆ ಚಾಳಿ ಅಷ್ಟೇ. ನಿಮಿಷದ ಮಾತು ಬಿಟ್ಟು ಮತ್ತೆ ಎತ್ತರ, ತೂಕ, ಧೈರ್ಯ ಅಂತಲೇ ಸುತ್ತಿದರೆ ತಂಡ ಬದಲಿಸುವ ಬಗ್ಗೆ ಯೋಚಿಸಿ. ಡ್ರಾಫ್ಟ್ ಹತ್ತಿರವಿರುವಾಗ ತಂಡ ಬದಲಿಸಿದರೆ ಒಂದಿಷ್ಟು ಹಿನ್ನಡೆ ಆಗಬಹುದು, ಅದನ್ನೂ ತೂಗಿ ನೋಡಿ.

ಒಂದು ವಿಷಯ ಮಾತ್ರ ನಿಮ್ಮ ಪತ್ರವನ್ನು ಎರಡು ಸಲ ಓದಿದರೂ ಸಿಗಲಿಲ್ಲ. ಕೋಚ್ ಏನಂದರು ಅಂತ ಇದೆ, ಯಜಮಾನರು, ಮಾವನವರು ಏನಂದರು ಅಂತ ಇದೆ, ನಿಮ್ಮ ನಿದ್ದೆಗೆಟ್ಟ ರಾತ್ರಿಗಳಿವೆ. ಹುಡುಗ ಏನಂದ? ಊಟದ ಮೇಜಿನಲ್ಲಿ ಅಪ್ಪನ ಎದುರು ಕೇಳಬೇಡಿ. ಪ್ರಾಕ್ಟೀಸ್ ಮುಗಿಸಿ ರಾತ್ರಿ ವಾಪಸು ಬರುವಾಗ ಕಾರಿನಲ್ಲಿ ಕೇಳಿ. ಕತ್ತಲಿರುತ್ತದೆ, ನೀವು ರಸ್ತೆ ನೋಡುತ್ತಿರುತ್ತೀರಿ, ಅವನು ನಿಮ್ಮ ಮುಖ ನೋಡಬೇಕಾಗಿಲ್ಲ. ನನ್ನ ರೋಗಿಗಳಲ್ಲಿ ಎಷ್ಟೋ ಹುಡುಗರು "ನನಗೆ ಭಯ" ಅಂತ ಮೊದಲ ಸಲ ಬಾಯಿಬಿಟ್ಟಿದ್ದು ಕಾರಿನಲ್ಲೇ.